ದಪ್ಪ ಬೆಕ್ಕಿಗೆ ಶುಗರ್: ಕ್ಲಿನಿಕ್‌ನಲ್ಲಿ 340 ತೋರಿಸ್ತು, ಇನ್ಸುಲಿನ್ ಶುರು ಮಾಡ್ಲಾ ಬೇಡ್ವಾ?

ಗುಂಡನಮ್ಮ_ಮೈಸೂರು
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಪ್ಲೀಸ್. ನಮ್ಮ ಗುಂಡ ಕೇಸರಿ ಬಣ್ಣದ ನಾಡಬೆಕ್ಕು, ಗಂಡು, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಒಂಬತ್ತು ವರ್ಷ. ಹೋದ ವರ್ಷ 8 ಕೆಜಿ ಇದ್ದ, ಈಗ 7.2. ಸಣ್ಣ ಆಗ್ತಿದಾನೆ ಅಂತ ಮನೇಲಿ ಎಲ್ರಿಗೂ ಖುಷಿ, ಏನೂ ಕಡಿಮೆ ಮಾಡದೇನೇ ಇಳೀತಿದಾನೆ ಅಂತ ನಮ್ಮತ್ತೆಗೆ ಹೆಮ್ಮೆ ಬೇರೆ. ಆದ್ರೆ ನೀರು ಕುಡಿಯೋದು ವಿಪರೀತ ಆಗಿದೆ, ಬಟ್ಟಲು ಸಾಲದೆ ಬಚ್ಚಲುಮನೆ ಬಕೆಟ್‌ಗೇ ಬಾಯಿ ಹಾಕ್ತಾನೆ, ಲಿಟರ್ ಟ್ರೇಲಿ ಉಂಡೆಗಳು ಮೊದಲಿಗಿಂತ ಎರಡು ಪಟ್ಟು ದೊಡ್ಡವು, ಮೊನ್ನೆಯಿಂದ ಟ್ರೇ ಅಂಚಿಗೆ ಇರುವೆ ಸಾಲು ಹತ್ತಿದೆ. ನಮ್ಮ ಮಾವನಿಗೂ ಶುಗರ್ ಇದೆ, ಇರುವೆ ನೋಡಿದ್ದೇ "ಇದು ಸಿಹಿಮೂತ್ರ ಕಣಮ್ಮ, ಕರ್ಕೊಂಡು ಹೋಗು" ಅಂದ್ರು.

ಕ್ಲಿನಿಕ್‌ಗೆ ಹೋದ್ರೆ ಬುಟ್ಟಿಯಿಂದ ಆಚೆ ಬರೋಕೇ ಅರ್ಧ ಗಂಟೆ ಯುದ್ಧ, ಟವೆಲ್‌ನಲ್ಲಿ ಸುತ್ತಿ ರಕ್ತ ತಗೊಂಡ್ರು, 340 ಬಂತು. ಇವತ್ತಿಂದಲೇ ಇನ್ಸುಲಿನ್ ಅಂದ್ರು. ನನ್ನ ಫ್ರೆಂಡ್ ಹೇಳ್ತಾಳೆ ಬೆಕ್ಕಿಗೆ ಹೆದರಿದ್ರೆ ಶುಗರ್ ಏರುತ್ತೆ, ಒಂದು ಟೆಸ್ಟ್ ನಂಬ್ಬೇಡ ಅಂತ. ಯಾರ ಮಾತು ಕೇಳ್ಲಿ? ಊಟ: ಪ್ಯಾಕೆಟ್‌ನಲ್ಲಿ ಸಿಗೋ ಬೆಕ್ಕಿನ ಒಣ ಕಾಳು, ಬಟ್ಟಲು ಯಾವಾಗ್ಲೂ ತುಂಬಿರುತ್ತೆ, ಸಂಜೆ ಅತ್ತೆ ಜೊತೆ ಮೊಸರನ್ನ. ನಮ್ಮದು ಸಸ್ಯಾಹಾರಿ ಮನೆ.

ದನದ_ಡಾಕ್ಟ್ರು
ಮೇಡಂ, ನಾನು ವೆಟ್, ಬೆಕ್ಕು ನೋಡದೆ ಇಲ್ಲಿ ಕೂತು ಡೋಸ್ ಬರೆಯಲ್ಲ, ಆದ್ರೆ ದಾರಿ ಹೇಳ್ತೀನಿ. ನಿಮ್ಮ ಫ್ರೆಂಡ್ ಹೇಳಿದ್ದು ಸರಿ, ಡಾಕ್ಟ್ರು ಅನುಮಾನ ಪಟ್ಟಿದ್ದೂ ಸರಿ. ಬೆಕ್ಕು ಹೆದರಿ ಒದ್ದಾಡಿದ್ರೆ ರಕ್ತದಲ್ಲಿ ಗ್ಲೂಕೋಸ್ 300 ದಾಟೋದು ನಾವು ದಿನಾ ನೋಡೋ ವಿಷಯ, ಶುಗರ್ ಇಲ್ಲದ ಬೆಕ್ಕಿಗೂ ಹಂಗೇ ಆಗುತ್ತೆ. ಆದ್ರೆ ಹೆದರಿಕೆಯಿಂದ ತೂಕ ಇಳಿಯಲ್ಲ, ಇರುವೆ ಬರಲ್ಲ. ಗ್ಲೂಕೋಸ್ ಸುಮಾರು 250–290 ದಾಟಿದ ಮೇಲೆ ಬೆಕ್ಕಿನ ಕಿಡ್ನಿ ಹಿಡಿದಿಟ್ಕೊಳ್ಳೋಕೆ ಆಗದೆ ಮೂತ್ರಕ್ಕೆ ಬಿಡುತ್ತೆ, ಅದರ ಹಿಂದೆ ನೀರೂ ಹೋಗುತ್ತೆ, ಅದಕ್ಕೇ ಬಕೆಟ್‌ಗೆ ಬಾಯಿ.

ಎರಡು ಕೆಲಸ ಮಾಡಿ. ಒಂದು, ಮನೇಲೇ ಮೂತ್ರ ಹಿಡೀರಿ. ಟ್ರೇಲಿರೋ ಲಿಟರ್ ತೆಗೆದು ತೊಳೆದ ಅಕ್ವೇರಿಯಂ ಕಲ್ಲು ಹಾಕಿ, ನೀರು ಹೀರದೆ ಕೆಳಗೆ ನಿಲ್ಲುತ್ತೆ, ಸಿರಿಂಜಲ್ಲಿ ಎಳ್ಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ಮನುಷ್ಯರಿಗೆ ಅಂತ ಸಿಗೋ ಮೂತ್ರದ ಸ್ಟ್ರಿಪ್ ಸಾಕು, ಗ್ಲೂಕೋಸ್ ಜೊತೆ ಕೀಟೋನ್ (ದೇಹ ಕೊಬ್ಬು ಕರಗಿಸುವಾಗ ಹುಟ್ಟೋ ವಸ್ತು) ಚೌಕನೂ ಇರೋದು ನೋಡಿ ತಗೊಳ್ಳಿ. ಎರಡು, ಫ್ರಕ್ಟೋಸಮೈನ್ ಅಂತ ರಕ್ತ ಪರೀಕ್ಷೆ, ಅದು ಹಿಂದಿನ ಒಂದೆರಡು ವಾರದ ಸರಾಸರಿ ತೋರಿಸುತ್ತೆ, ಅರ್ಧ ಗಂಟೆ ಯುದ್ಧದಿಂದ ಅದು ಏರಲ್ಲ. ಅದೇ ರಕ್ತದಲ್ಲಿ ಕಿಡ್ನಿ ಮತ್ತೆ ಥೈರಾಯ್ಡ್‌ನೂ ನೋಡಿಸಿಬಿಡಿ, ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದೂ ಸಣ್ಣ ಆಗ್ತಿದೆ ಅಂದ್ರೆ ಥೈರಾಯ್ಡ್ ಜಾಸ್ತಿ ಆಗಿರೋ ಸಾಧ್ಯತೆನೂ ಇದೆ, ಅದಿದ್ರೆ ಫ್ರಕ್ಟೋಸಮೈನ್ ಸುಳ್ಳೇ ಕಡಿಮೆ ತೋರಿಸುತ್ತೆ.

ಮತ್ತೆ, ಹಿಂಗಾಲು ಹೆಂಗಿಡ್ತಾನೆ ನೋಡಿ. ಬೆಕ್ಕು ಬೆರಳ ಮೇಲೆ ನಡೆಯೋ ಪ್ರಾಣಿ. ಶುಗರ್‌ಗೆ ನರ ಸೋತರೆ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತೆ.

ಗುಂಡನಮ್ಮ_ಮೈಸೂರು
ಅಯ್ಯೋ ಡಾಕ್ಟ್ರೇ ಹೌದು. ಎಡಗಡೆ ಹಿಮ್ಮಡಿ ಊರ್ತಾನೆ, ವಯಸ್ಸಾಯ್ತು ಅಂದ್ಕೊಂಡಿದ್ವಿ. ಕಿಟಕಿ ಕಟ್ಟೆಗೆ ಹಾರೋದೂ ಬಿಟ್ಟಿದಾನೆ, ಮೊದಲು ಸೋಫಾ, ಆಮೇಲೆ ಸೋಫಾದ ಕೈ, ಆಮೇಲೆ ಕಟ್ಟೆ ಅಂತ ಮೂರು ಕಂತಿನಲ್ಲಿ ಹತ್ತುತಾನೆ.

ಅನ್ನಸಾರು_ಸಾಕು
ಬೆಕ್ಕಿಗೆ ಶುಗರ್ರು, ಇನ್ಸುಲಿನ್ನು, ಏನ್ ಕಾಲ ಬಂತು ಗುರು. ನಮ್ಮಜ್ಜಿ ಮನೇಲಿ ಏಳೆಂಟು ಬೆಕ್ಕು ಹಾಲನ್ನ ತಿಂದ್ಕೊಂಡು ಆರಾಮಾಗಿದ್ವು, ಒಂದಕ್ಕೂ ಏನೂ ಬರ್ಲಿಲ್ಲ. ಎರಡು ದಿನ ಉಪವಾಸ ಹಾಕಿ, ಕೊಬ್ಬು ತಾನಾಗೇ ಕರಗುತ್ತೆ. ಸಕ್ಕರೆ ಕೊಡ್ಬೇಡಿ ಅಷ್ಟೆ.

ಕುಡ್ಲದ_ಪುಚ್ಚೆ
ಉಪವಾಸದ ಮಾತು ದಯವಿಟ್ಟು ಬೇಡ ಮಾರಾಯ್ರೆ. ದಪ್ಪ ಬೆಕ್ಕಿಗೆ ಉಪವಾಸ ಹೇಳಿದ್ರೆ ಸೀದಾ ಲಿವರ್‌ಗೆ. ನಮ್ಮ ಕೆಂಚನಿಗೆ ಆದದ್ದು ಅದೇ. ಶುಗರ್ ಇರಲಿಲ್ಲ ಅವನಿಗೆ, ಬರೀ ದಪ್ಪ, ಏಳು ಕೆಜಿ ಹತ್ತಿರ. ನಾವು ಕದ್ರಿಯ ಮನೆ ಬಿಟ್ಟು ಫ್ಲ್ಯಾಟಿಗೆ ಬಂದದ್ದು, ಸಾಮಾನು ಹೊರುವವರ ಗಲಾಟೆಗೆ ಹೆದರಿ ಮಂಚದ ಅಡಿಗೆ ಹೋದವ ಹೊರಗೆ ಬರಲೇ ಇಲ್ಲ, ಮೀನು ಇಟ್ಟರೂ ಮೂಸಿ ಬಿಟ್ಟ. ಹೊಸ ಜಾಗ, ಹೊಂದಿಕೊಳ್ತಾನೆ ಅಂತ ಎಲ್ಲರೂ ಹೇಳುವುದು. ನಾಲ್ಕನೇ ದಿನ ಎತ್ತಿ ನೋಡುವಾಗ ಕಿವಿಯ ಒಳಗೆ ಹಳದಿ, ಬಾಯಿ ತೆರೆದರೆ ಅಂಗುಳ ಹಳದಿ.

ಡಾಕ್ಟರ್ ಹೇಳಿದ್ದು, ಬೆಕ್ಕು ತಿನ್ನುವುದು ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ಬಂದು ಬೀಳ್ತದೆ, ಆ ಲಿವರ್‌ಗೆ ಅಷ್ಟನ್ನು ಹೊರಗೆ ಸಾಗಿಸುವ ತಾಕತ್ತು ಇಲ್ಲ, ಅಲ್ಲೇ ತುಂಬಿಕೊಳ್ತದೆ. ದಪ್ಪ ಇದ್ದಷ್ಟು ಅಪಾಯ ಜಾಸ್ತಿ. ರಕ್ತದಲ್ಲಿ ಲಿವರ್ ನೋಡುವ ಎರಡು ಕಿಣ್ವಗಳಲ್ಲಿ ಎಎಲ್‌ಪಿ ತುಂಬಾ ಮೇಲೆ ಹೋಗಿತ್ತು, ಜಿಜಿಟಿ ಮಾತ್ರ ಹೆಚ್ಚು ಏರಿರಲಿಲ್ಲ, ಬೆಕ್ಕಿನಲ್ಲಿ ಈ ಜೋಡಿ ಕಂಡರೆ ಲಿವರ್ ಕೊಬ್ಬು ಅಂತ ಮೊದಲು ಯೋಚನೆ ಮಾಡುವುದಂತೆ.

ತಮಾಷೆ ಎಂತ ಹೇಳಿದ್ರೆ, ಕಾಮಾಲೆ ಅಂತ ಕೇಳಿದ್ದೇ ತಡ ಆಚೆಮನೆಯವರು ನೆಲನೆಲ್ಲಿ ಅರೆದು ತಂದರು, ಪಥ್ಯ ಮಾಡಿಸಿ, ಮೀನು ಮಾಂಸ ಜಿಡ್ಡು ಮುಟ್ಟಿಸಬೇಡಿ, ಬರೀ ಗಂಜಿ ತಿಳಿ ಅಂತ. ಈ ಕಾಯಿಲೆಗೆ ಅದು ತದ್ವಿರುದ್ಧ. ಮದ್ದೇ ಊಟ, ಅದೂ ಒಳ್ಳೆ ಪ್ರೋಟೀನ್ ಇರುವ ಊಟ. ಕುತ್ತಿಗೆಯ ಬದಿಯಿಂದ ಅನ್ನನಾಳಕ್ಕೆ ಒಂದು ಟ್ಯೂಬ್ ಹಾಕಿದರು. ನೋಡುವಾಗ ಹೆದರಿಕೆ ಆಗ್ತದೆ, ಆದರೆ ಬಾಯಿಗೆ ತುರುಕುವುದಕ್ಕಿಂತ ಎಷ್ಟೋ ವಾಸಿ, ಅವ ಮಡಿಲಲ್ಲಿ ಕೂತು ನಿದ್ದೆ ಮಾಡುವಾಗಲೇ ಊಟ ಮುಗೀತದೆ. ಪೌಚ್ ಫುಡ್ (ಬೆಕ್ಕಿನ ಒದ್ದೆ ಊಟದ ಪ್ಯಾಕೆಟ್) ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಜರಡಿ ಹಿಡಿದು (ಜರಡಿ ಹಿಡಿಯದಿದ್ದರೆ ಟ್ಯೂಬ್ ಕಟ್ಟಿಕೊಳ್ತದೆ, ಆಗ ಬಿಸಿನೀರು ಹಾಕಿ ಪರದಾಡಬೇಕು), ಉಗುರು ಬೆಚ್ಚಗೆ, ಸಿರಿಂಜಲ್ಲಿ ನಿಧಾನ. ಮೊದಲ ದಿನವೇ ಪೂರ್ತಿ ಕೊಡಲಿಕ್ಕಿಲ್ಲ, ಹಸಿದ ದೇಹಕ್ಕೆ ಒಮ್ಮೆಲೇ ಊಟ ಹೋದರೆ ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಶಿಯಂ ಬಿದ್ದು ಹೋಗ್ತದೆ, ಅದಕ್ಕೇ ಆಸ್ಪತ್ರೆಯಲ್ಲಿ ಇಟ್ಟು ಸ್ವಲ್ಪ ಸ್ವಲ್ಪ ಏರಿಸಿದ್ದು. ಬಿ12, ವಿಟಮಿನ್ ಕೆ ಇಂಜೆಕ್ಷನ್ ಸಹ ಇತ್ತು. ವಾರಗಟ್ಟಲೆ ಟ್ಯೂಬಲ್ಲೇ ಊಟ ಆಯ್ತು. ಈಗ ಸರಿ ಉಂಟು, ಬಂಗುಡೆ ವಾಸನೆಗೆ ಬಾಗಿಲು ಕೆರೀತಾನೆ.

ದನದ_ಡಾಕ್ಟ್ರು
ಪುಚ್ಚೆ ಅವರು ಹೇಳಿದ್ದಕ್ಕೆ ಒಂದೇ ಸೇರಿಸ್ತೀನಿ: ದಪ್ಪ ಬೆಕ್ಕು ಒಂದು ಪೂರ್ತಿ ದಿನ ಏನೂ ಮುಟ್ಟಲಿಲ್ಲ ಅಂದ್ರೆ ಡಾಕ್ಟ್ರಿಗೆ ಫೋನ್ ಮಾಡಿ, ನಾಲ್ಕನೇ ದಿನದವರೆಗೆ ಕಾಯಬೇಡಿ.

ಅನ್ನಸಾರು ಅವರೇ, ಅಜ್ಜಿ ಮನೆ ಬೆಕ್ಕಿನ ವಾದ ನಂಗೂ ಇಷ್ಟ, ಆದ್ರೆ ಆ ಬೆಕ್ಕುಗಳು ಹಾಲನ್ನದ ಮೇಲೆ ಬದುಕಿದ್ದಲ್ಲ, ಕಣಜದ ಇಲಿ ಹಿಡಿದು ತಿಂದು ಬದುಕಿದ್ದು. ಆಪರೇಷನ್ ಇಲ್ಲ, ಊರೆಲ್ಲ ಸುತ್ತಾಟ, ಜಗಳ, ಎಷ್ಟೋ ಬೆಕ್ಕು ಶುಗರ್ ಬರೋ ವಯಸ್ಸಿನವರೆಗೆ ಉಳೀತಾನೂ ಇರಲಿಲ್ಲ. ಈಗ ಗುಂಡನ ಥರದವನು ಮೂರನೇ ಮಹಡಿ ಫ್ಲ್ಯಾಟಲ್ಲಿ ಬಲೆ ಹೊಡೆದ ಬಾಲ್ಕನಿ ಒಳಗೆ ಇರ್ತಾನೆ. ಆಪರೇಷನ್ ಆದ ಮೇಲೆ ಬೇಕಾಗೋ ಕ್ಯಾಲೊರಿ ಸುಮಾರು ಕಾಲು ಭಾಗ ಕಡಿಮೆ ಆಗುತ್ತೆ, ಹಸಿವು ಮಾತ್ರ ಜಾಸ್ತಿ ಆಗುತ್ತೆ, ಬಟ್ಟಲು ಮೊದಲಿನಷ್ಟೇ ತುಂಬಿರುತ್ತೆ. ಹಂಗಂತ ಆಪರೇಷನ್ ಬಿಡ್ಬೇಡಿ, ಬಟ್ಟಲು ಅಳೆದು ಹಾಕಿ. ದಪ್ಪ ಬೆಕ್ಕಿಗೆ ಶುಗರ್ ಬರೋ ಸಾಧ್ಯತೆ ಸರಿ ತೂಕದ ಬೆಕ್ಕಿಗಿಂತ ಸುಮಾರು ನಾಲ್ಕು ಪಟ್ಟು, ಅದರಲ್ಲೂ ಆಪರೇಷನ್ ಆದ ಗಂಡಿಗೆ ಜಾಸ್ತಿ.

ಸಕ್ಕರೆ ಕೊಡಬೇಡಿ ಅಂದ್ರಲ್ಲ, ಬೆಕ್ಕಿಗೆ ಸಿಹಿ ರುಚಿನೇ ಗೊತ್ತಾಗಲ್ಲ. ನಾಲಿಗೇಲಿ ಸಿಹಿ ಗುರುತಿಸೋ ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟಿದೆ, 2005ರಲ್ಲಿ ಕಂಡುಹಿಡಿದ್ರು. ತೊಂದ್ರೆ ಸಕ್ಕರೆ ಡಬ್ಬೀಲಿಲ್ಲ, ಕಾಳಿನ ಚೀಲದಲ್ಲಿದೆ.

ಲೆಕ್ಕದ_ಮೇಷ್ಟ್ರು
ಆ ಚೀಲದ ಲೆಕ್ಕ ನಾನು ಹೇಳ್ತೀನಿ, ಪ್ಯಾಕೆಟ್ ಮೇಲೆ ಪಿಷ್ಟ ಎಷ್ಟು ಅಂತ ಬಹಳ ಕಂಪನಿಯವರು ಬರೆಯೋದೇ ಇಲ್ಲ ನಾವೇ ಕಳೀಬೇಕು. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಅಂದ್ರೆ ಖನಿಜಾಂಶ) ಇಷ್ಟನ್ನೂ ಕೂಡಿಸಿ ನೂರರಿಂದ ಕಳೆದ್ರೆ ಉಳಿದಿದ್ದು ಪಿಷ್ಟ. ಬೂದಿ ಬರೆದಿಲ್ಲ ಅಂದ್ರೆ ಒಣ ಕಾಳಿಗೆ 8 ಅಂತ ಇಟ್ಕೊಳ್ಳಿ. ಈಗ ಒಂದು ಸಾಮಾನ್ಯ ಕಾಳು ತಗೊಳ್ಳಿ: ಪ್ರೋಟೀನ್ 30, ಕೊಬ್ಬು 10, ನಾರು 4, ತೇವಾಂಶ 10, ಬೂದಿ 8, ಒಟ್ಟು 62, ಪಿಷ್ಟ 38. ಪ್ರೋಟೀನು ಪಿಷ್ಟಕ್ಕೆ ಗ್ರಾಮಿಗೆ 3.5 ಕ್ಯಾಲೊರಿ, ಕೊಬ್ಬಿಗೆ 8.5 ಹಾಕಿದ್ರೆ ನೂರು ಗ್ರಾಮಿಗೆ ಸುಮಾರು 323, ಅದರಲ್ಲಿ ಪಿಷ್ಟದ್ದೇ 133, ಅಂದ್ರೆ ಶೇ. 41. ಅದೇ ಪೌಚ್‌ನಲ್ಲಿ ತೇವಾಂಶ 82, ಪ್ರೋಟೀನ್ 10, ಕೊಬ್ಬು 3, ನಾರು 1, ಬೂದಿ 2 ಇದ್ರೆ ಪಿಷ್ಟ ಬರೀ 2, ಕ್ಯಾಲೊರಿಲಿ ಶೇ. 10ರ ಆಸುಪಾಸು. ಶುಗರ್ ಬೆಕ್ಕಿಗೆ ಶೇ. 12ರ ಒಳಗಿದ್ರೆ ಒಳ್ಳೇದು ಅಂತಾರೆ. ಪೌಚಲ್ಲೂ ಗ್ರೇವಿ ಅಂತ ಬರೋದರಲ್ಲಿ ಗಟ್ಟಿ ಮಾಡೋಕೆ ಹಿಟ್ಟು ಹಾಕಿರ್ತಾರೆ, ಅದೂ ಲೆಕ್ಕ ಹಾಕಿ ನೋಡಿ.

ಧಾರವಾಡದ_ಬೆಕ್ಕಪ್ಪ
ಅಕ್ಕಾರ, ಒಂದ್ ಮಾತ್ ಕೇಳ್ತೀನ್ರಿ. ಗುಂಡಗ ತುರಿಕಿಗೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಏನರ ಹಾಕಿಸೀರೇನು? ನಮ್ಮ ಬೆಕ್ಕಿಗೆ ಮಳಿಗಾಲ ಬಂತಂದ್ರ ಮೈ ತುಂಬ ತುರಿಕಿ, ಒಂದ್ ಕ್ಲಿನಿಕ್ಕಿನ್ಯಾಗ ಪ್ರತಿ ಸಲ ತಿಂಗಳಗಟ್ಲೆ ಕೆಲಸ ಮಾಡೋ ಸ್ಟೀರಾಯ್ಡ್ ಚುಚ್ಚತಿದ್ರು, ಹಸಿವಿ ಹೆಚ್ಚಾಗಿ ಡುಮ್ಮ ಆತು, ಆಮ್ಯಾಲ ಶುಗರ್ ಬಂತು. ಬ್ಯಾರೆ ಡಾಕ್ಟರು ಅದನ್ನ ನಿಲ್ಲಿಸಿ ಚಿಗಟಕ್ಕ ಔಷಧ ಕೊಟ್ರ ತುರಿಕಿನೂ ಹೋತು, ಕೆಲವು ತಿಂಗಳಾದ ಮ್ಯಾಲ ಇನ್ಸುಲಿನ್ನೂ ಬಿಡ್ತು. ಚಿಗಟ ನೋಡ್ರಿ ಮೂಲ, ಎಲ್ಲಿಂದ ಎಲ್ಲಿಗೆ.

ಗುಂಡನಮ್ಮ_ಮೈಸೂರು
ಇಲ್ಲ ಅಣ್ಣ, ಸ್ಟೀರಾಯ್ಡ್ ಯಾವತ್ತೂ ಹಾಕಿಸಿಲ್ಲ. ರಿಪೋರ್ಟ್ ಬಂತು. ಫ್ರಕ್ಟೋಸಮೈನ್ ಜಾಸ್ತಿ, ಲ್ಯಾಬಿನವರು ಕೊಟ್ಟ ಮಿತಿಗಿಂತ ತುಂಬಾನೇ ಮೇಲೆ. ಕಿಡ್ನಿ ಥೈರಾಯ್ಡ್ ಸರಿ ಇದೆ. ಮನೇಲಿ ಹಿಡಿದ ಮೂತ್ರದಲ್ಲಿ ಗ್ಲೂಕೋಸ್ ಚೌಕ ಕಡು ಬಣ್ಣಕ್ಕೆ ತಿರುಗ್ತು, ಕೀಟೋನ್ ಇಲ್ಲ. ಸೋ ಶುಗರ್ ಪಕ್ಕಾ. ಗ್ಲಾರ್ಜಿನ್ ಬರ್ದಿದಾರೆ, 1 ಯೂನಿಟ್, ಹನ್ನೆರಡು ಗಂಟೆಗೊಂದ್ಸಲ. ಅದೇ ಮನುಷ್ಯರ ಇನ್ಸುಲಿನ್, ನಮ್ಮ ಬೆಂಗಳೂರಿನ ಬಯೋಕಾನ್‌ದೇ ಸಿಕ್ತು. ಮಾವನ ಸಿರಿಂಜ್ ಮನೇಲಿ ಡಬ್ಬಿಗಟ್ಲೆ ಇದೆ, ಅದನ್ನೇ ಬಳಸ್ಬಹುದಾ? ಕೆಂಪು ಟೋಪಿದು.

ದನದ_ಡಾಕ್ಟ್ರು
ಬೇಡ!! ನಿಲ್ಲಿ. ಕೆಂಪು ಟೋಪಿ ಎಂಎಲ್‌ಗೆ 40 ಯೂನಿಟ್ ಇರೋ ಇನ್ಸುಲಿನ್ನಿನ ಸಿರಿಂಜು, ಕಿತ್ತಳೆ ಟೋಪಿ 100ರದ್ದು. ಗ್ಲಾರ್ಜಿನ್ ಬಾಟ್ಲಿ ಮೇಲೆ ಒಂದು ಎಂಎಲ್‌ಗೆ 100 ಯೂನಿಟ್ ಅಂತ ಇರುತ್ತೆ, ಓದಿ ನೋಡಿ. ಅದನ್ನ ಕೆಂಪು ಟೋಪಿಯಲ್ಲಿ 1ರ ಗೆರೆವರೆಗೆ ಎಳೆದ್ರೆ ಒಳಗೆ ಬರೋದು 1 ಅಲ್ಲ, ಎರಡೂವರೆ ಯೂನಿಟ್. ಮನುಷ್ಯರಿಗೆ ಒಂದೂವರೆ ಯೂನಿಟ್ ಹೆಚ್ಚುಕಮ್ಮಿ ಆದ್ರೆ ನಡೆದೀತು, ಬೆಕ್ಕಿಗೆ ಲೋ ಶುಗರ್ ಆಗಿ ಜೀವಕ್ಕೇ ಬರಬಹುದು. ಕಿತ್ತಳೆ ಟೋಪಿ ತಗೊಳ್ಳಿ, 30 ಯೂನಿಟ್ಟಿನ ಚಿಕ್ಕದು, ಅರ್ಧ ಯೂನಿಟ್ ಗೆರೆ ಇರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು.

ಬಾಟ್ಲಿ ಕುಲುಕಬೇಡಿ, ಫ್ರೀಜರ್‌ನಲ್ಲಿಡಬೇಡಿ, ನೀರು ಸಲೈನ್ ಏನೂ ಬೆರೆಸಬೇಡಿ. ಮೊದಲು ಊಟ ಹಾಕಿ, ತಿಂತಿದಾನೆ ಅಂತ ನೋಡ್ಕೊಂಡು ಪಕ್ಕೆ ಚರ್ಮ ಎತ್ತಿ ಚುಚ್ಚಿ. ಊಟ ಮುಟ್ಟಲಿಲ್ಲ ಅಂದ್ರೆ ಇನ್ಸುಲಿನ್ ಕೊಡದೆ ನಿಮ್ಮ ಡಾಕ್ಟ್ರಿಗೆ ಕರೆ. ಚುಚ್ಚುವಾಗ ತುಪ್ಪಳದ ಮೇಲೆ ಹೋಯ್ತಾ ಒಳಗೆ ಹೋಯ್ತಾ ಗೊತ್ತಾಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಚುಚ್ಚೋದು ಬೇಡ, ಮುಂದಿನ ಸಲಕ್ಕೆ ಬಿಡಿ. ಒಂದು ಡೋಸ್ ತಪ್ಪಿದ್ರೆ ಏನೂ ಆಗಲ್ಲ, ಎರಡು ಸಲ ಹೋದ್ರೆ ಆಗುತ್ತೆ.

ಓಲಾಡ್ತಿದಾನೆ, ಮಂಕಾಗಿದಾನೆ, ನಡುಗ್ತಿದಾನೆ ಅಂದ್ರೆ ಲೋ ಶುಗರ್ ಅಂತ ತಿಳ್ಕೊಂಡು ಜೇನು ಅಥವಾ ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿ ವಸಡಿಗೆ ಬೆರಳಲ್ಲಿ ಉಜ್ಜಿ, ಹಂಗೇ ಆಸ್ಪತ್ರೆಗೆ ಓಡಿ. ಫಿಟ್ಸ್ ಬಂದಿದ್ರೆ ಬಾಯೊಳಗೆ ಏನೂ ಹುಯ್ಯಬೇಡಿ.

ನ್ಯೂಜೆರ್ಸಿ_ನಂಜನಗೂಡು
ನಮ್ಮ ಬೆಕ್ಕಿಗೆ ಇಲ್ಲಿ ಇಂಜೆಕ್ಷನ್ನೇ ಇಲ್ಲ, ದಿನಕ್ಕೊಂದ್ಸಲ ಬಾಯಿಗೆ ಔಷಧ. ಅಮೆರಿಕದಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022 ಡಿಸೆಂಬರ್‌ನಲ್ಲಿ, ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿ ಎಫ್‌ಡಿಎ (ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ) ಒಪ್ಪಿಗೆ ಸಿಕ್ತು, ಎರಡೂ ಬೆಕ್ಕಿಗೇ ಅಂತ. ಹೆಚ್ಚಿನ ಗ್ಲೂಕೋಸ್‌ನ ಕಿಡ್ನಿ ಮೂಲಕ ಹೊರಗೆ ಹಾಕಿಸುತ್ತೆ. ಸುಲಭ ಇದೆ, ಆದ್ರೆ ಎಲ್ಲ ಬೆಕ್ಕಿಗೂ ಕೊಡಲ್ಲ, ಈಗಾಗ್ಲೇ ಇನ್ಸುಲಿನ್ ಮೇಲಿದ್ರೆ ಇಲ್ಲ, ಕೀಟೋನ್ ಇದ್ರೆ ಇಲ್ಲ, ಸರಿಯಾಗಿ ತಿನ್ನದ ಬೆಕ್ಕಿಗೆ ಇಲ್ಲ. ಮೊದಲ ಕೆಲವು ವಾರ ಕೀಟೋನ್ ನೋಡಿ ನೋಡಿ ಸಾಕಾಯ್ತು.

ಅನ್ನಸಾರು_ಸಾಕು
ಅದೇ ಜಾತಿ ಮಾತ್ರೆ ಡಾಪಾಗ್ಲಿಫ್ಲೋಜಿನ್ ನಮ್ಮಪ್ಪ ತಗೋತಾರೆ, 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಸಖತ್ ಅಗ್ಗ. ಕಾಲು ಮಾಡಿ ಕೊಟ್ರೆ ಆಗಲ್ವಾ? ಕಾಲೆಳೀತಿಲ್ಲ, ಸೀರಿಯಸ್ಸಾಗೇ ಕೇಳ್ತಿದೀನಿ.

ದನದ_ಡಾಕ್ಟ್ರು
ಒಳ್ಳೇ ಪ್ರಶ್ನೆ. ಕೊಡಬೇಡಿ. ಈ ಜಾತಿ ಔಷಧದಲ್ಲಿ ದೊಡ್ಡ ಅಪಾಯ ಏನಂದ್ರೆ ಕೀಟೋಅಸಿಡೋಸಿಸ್ (ಕೀಟೋನ್ ಹೆಚ್ಚಾಗಿ ರಕ್ತ ಆಮ್ಲ ಆಗೋದು) ಆಗ್ತಿದ್ರೂ ರಕ್ತದ ಗ್ಲೂಕೋಸ್ ನಾರ್ಮಲ್ ತೋರಿಸ್ತಿರುತ್ತೆ, ಮೀಟರ್ ನೋಡಿ ಎಲ್ಲ ಸರಿ ಇದೆ ಅಂದ್ಕೊಂಡು ಕೂತಿರ್ತೀವಿ, ಬೆಕ್ಕು ಒಳಗಿಂದ ಮುಳುಗ್ತಿರುತ್ತೆ. ಬೆಕ್ಕಿಗೆ ಅಂತ ಡೋಸ್ ಗೊತ್ತುಪಡಿಸಿದ ಔಷಧಕ್ಕೇ ಅಷ್ಟು ಕಾವಲು ಬೇಕು, ಅಪ್ಪನ ಮಾತ್ರೆ ಮುರಿದು ಕೊಡೋದು ಜೂಜು. ವಾಂತಿ, ಊಟ ಬಿಡೋದು, ಸುಸ್ತು, ಮೂತ್ರದಲ್ಲಿ ಕೀಟೋನ್, ಇವು ಕಂಡ್ರೆ ಯಾವ ಶುಗರ್ ಬೆಕ್ಕೇ ಆಗ್ಲಿ ಅದು ಎಮರ್ಜೆನ್ಸಿ.

ಗುಂಡನಮ್ಮ_ಮೈಸೂರು
ಅಪ್ಡೇಟ್. ಕಿತ್ತಳೆ ಟೋಪಿ ಸಿರಿಂಜ್ ಸಿಕ್ತು, ಕೆಂಪು ಡಬ್ಬೀನ ಮಾವನ ರೂಮಿಗೇ ಬೇರೆ ಮಾಡಿ ಇಟ್ಟೆ. ಚುಚ್ಚೋದು ಮಾವನೇ, ಅವರಿಗೆ ಕೈ ಪಳಗಿದೆ, ಬೆಳಗ್ಗೆ ಏಳಕ್ಕೆ ತಮಗೊಂದು ಗುಂಡನಿಗೊಂದು, ರಾತ್ರಿನೂ ಹಂಗೇ. ಗುಂಡ ತಿರುಗಿ ಕೂಡ ನೋಡಲ್ಲ. ಪೌಚ್ ವಿಷಯಕ್ಕೆ ಅತ್ತೆ ಒಂದು ದಿನ ಮಾತು ಬಿಟ್ಟಿದ್ರು, ಆಮೇಲೆ ಬಾಲ್ಕನೀಲಿ ಬೇರೆ ತಟ್ಟೆ, ಬೇರೆ ಕತ್ತರಿ, ಅಡುಗೆಮನೆಗೆ ತರಬಾರದು ಅಂತ ರಾಜಿ ಆಯ್ತು. ಈಗ ಅವರೇ ಕೇಳ್ತಾರೆ, ಮಾಂಸ ಇಲ್ಲದೆ ಆಗೋದೇ ಇಲ್ವಾ, ರಾಗಿ ಸೊಪ್ಪು ಏನಾದ್ರೂ?

ಕಿವಿ ಅಂಚಿಂದ ಒಂದು ಹನಿ ತೆಗೆದು ಮಾವನ ಗ್ಲುಕೋಮೀಟರಲ್ಲೇ ನೋಡ್ತಿದೀವಿ, ಮನೇಲಿ ಬರೋದು 210, 190 ಹಿಂಗೆ. ಕ್ಲಿನಿಕ್‌ನಲ್ಲಿ ಮತ್ತೆ 300 ಮೇಲೆ.

ದನದ_ಡಾಕ್ಟ್ರು
ಅದಕ್ಕೇ ಮನೆ ರೀಡಿಂಗ್ ಬಂಗಾರ. ಒಂದು ಮಾತ್ರ ನೆನಪಿರಲಿ, ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತೆ, ಸೋ ನೀವು ನೋಡೋ 190 ನಿಜವಾಗಿ ಸ್ವಲ್ಪ ಮೇಲಿರಬಹುದು. ಪ್ರತಿ ಸಲ ಅದೇ ಮೀಟರ್ ಬಳಸಿ, ಯಾವ ಕಡೆ ಹೋಗ್ತಿದೆ ಅನ್ನೋದು ಮುಖ್ಯ. ಮನುಷ್ಯರು ತೋಳಿಗೆ ಅಂಟಿಸ್ಕೊಳ್ಳೋ ಸೆನ್ಸರ್‌ನೂ ಬೆಕ್ಕಿಗೆ ಕೂದಲು ಬೋಳಿಸಿ ಹಾಕ್ತೀವಿ, ಅಗ್ಗ ಅಲ್ಲ, ಎರಡು ವಾರ ಬರಬೇಕಾದ್ದು ಬೆಕ್ಕಿನ ಮೈಮೇಲೆ ಮೊದಲೇ ಕಿತ್ತು ಬರೋದೂ ಉಂಟು, ಆದ್ರೆ ರಾತ್ರಿ ಮೂರಕ್ಕೆ ಎಷ್ಟಿತ್ತು ಅನ್ನೋದು ಅದರಿಂದಲೇ ಗೊತ್ತಾಗೋದು.

ಅತ್ತೆಯವರಿಗೆ ಹೇಳಿ, ಟಾರಿನ್ ಅನ್ನೋ ಅಂಶವನ್ನ ಬೆಕ್ಕಿನ ದೇಹ ಬೇಕಾದಷ್ಟು ಮಾಡ್ಕೊಳ್ಳಲ್ಲ, ಅದು ಮಾಂಸದಲ್ಲೇ ಇರೋದು. ಸಾಲದೆ ಹೋದ್ರೆ ಕಣ್ಣಿನ ಪರದೆ ಹಾಳಾಗುತ್ತೆ, ಹೃದಯ ಹಿಗ್ಗುತ್ತೆ. ರಾಗಿ ಅಂತೂ ಪಿಷ್ಟಾನೇ. ಬಾಲ್ಕನಿ ರಾಜಿ ಚೆನ್ನಾಗಿದೆ, ಅದನ್ನೇ ಮುಂದುವರಿಸಿ.

ಲೆಕ್ಕದ_ಮೇಷ್ಟ್ರು
ತೂಕದ ಲೆಕ್ಕ ಯಾರೂ ಹಾಕ್ಲಿಲ್ಲ. ಗುಂಡನ ಸರಿ ತೂಕ 5 ಕೆಜಿ ಅಂತ ಡಾಕ್ಟ್ರು ಹೇಳಿದ್ರು ಅಂತಿಟ್ಕೊಳ್ಳಿ, ವಿಶ್ರಾಂತಿಯಲ್ಲಿ ಬೇಕಾಗೋದು ಸುಮಾರು 234 ಕ್ಯಾಲೊರಿ, ಇಳಿಸೋಕೆ ಅದರ ಶೇ. 80, ಅಂದ್ರೆ ದಿನಕ್ಕೆ 187ರ ಹತ್ತಿರ. ವಾರಕ್ಕೆ ಮೈತೂಕದ ಶೇ. 1 ಇಳಿದ್ರೆ ಸಾಕು, ಅವನಿಗೆ 70 ಗ್ರಾಂ. ಶೇ. 2 ದಾಟಿದ್ರೆ ಕುಡ್ಲದವರ ಕಥೆ. 70 ಗ್ರಾಂ ನಾವು ನಿಲ್ಲೋ ತೂಕದ ಮಷಿನ್‌ನಲ್ಲಿ ಕಾಣೋದೇ ಇಲ್ಲ, ನಾನು ನಮ್ಮನೆ ಬೆಕ್ಕನ್ನ ಬುಟ್ಟಿ ಸಮೇತ ಕಿರಾಣಿ ಅಂಗಡಿ ತಕ್ಕಡಿ ಮೇಲಿಡ್ತೀನಿ, ಶೆಟ್ರು ಬುಟ್ಟಿ ತೂಕ ಕಳೆದು ಚೀಟೀಲಿ ಬರ್ದು ಕೊಡ್ತಾರೆ.

ದನದ_ಡಾಕ್ಟ್ರು
ಲೆಕ್ಕ ಸರಿ, ಆದ್ರೆ ಈಗಲೇ ಇಳಿಸೋಕೆ ಹೋಗ್ಬೇಡಿ. ಅವನು ಈಗ ಇಳೀತಿರೋದು ರೋಗದಿಂದ, ಕೊಬ್ಬಿನ ಜೊತೆ ಮಾಂಸಖಂಡನೂ ಹೋಗ್ತಿದೆ. ಮೊದಲು ಶುಗರ್ ಹತೋಟಿಗೆ ಬರಲಿ, ಆಮೇಲೆ 187. ಕಾಳಿಂದ ಪೌಚ್‌ಗೆ ಬದಲಾಯಿಸಿದಾಗ ಇನ್ಸುಲಿನ್ ಬೇಡಿಕೆ ದಿಢೀರ್ ಕಡಿಮೆ ಆಗಬಹುದು, ಆ ವಾರ ರೀಡಿಂಗ್ ತಪ್ಪಿಸ್ಬೇಡಿ. ಬೇಗ ಶುರು ಮಾಡಿ ಪಿಷ್ಟ ಕಡಿಮೆ ಮಾಡಿದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವೇ ಆಗುತ್ತೆ, ಧಾರವಾಡದವರ ಬೆಕ್ಕಿನ ಹಾಗೆ. ಮತ್ತೆ ದಪ್ಪ ಆದ್ರೆ ಮತ್ತೆ ಬರುತ್ತೆ.

ಡೋಸ್ ಏರಿಸ್ತಾ ಏರಿಸ್ತಾ ಹೋದ್ರೂ ಶುಗರ್ ಜಗ್ಗದೆ, ಅದರ ಮೇಲೆ ತೂಕನೂ ಏರ್ತಿದ್ರೆ ಆಗ ಬೇರೆ ದಾರಿ ಹಿಡೀಬೇಕು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟಾಗಿ ಬೆಳವಣಿಗೆ ಹಾರ್ಮೋನ್ ಜಾಸ್ತಿ ಆಗಿರಬಹುದು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಶುಗರ್ ಬೆಕ್ಕುಗಳನ್ನ ನೋಡಿದ 2015ರ ಅಧ್ಯಯನದಲ್ಲಿ ನಾಲ್ಕರಲ್ಲಿ ಒಂದಕ್ಕೆ ಇದಿತ್ತು ಅಂತ ಅಂದಾಜು ಮಾಡಿದ್ರು. ಐಜಿಎಫ್-1 ಅಂತ ರಕ್ತ ಪರೀಕ್ಷೆ. ಗುಂಡನಿಗೆ ಈಗ ಬೇಡ, 1 ಯೂನಿಟ್‌ಗೇ ಬಗ್ತಿದಾನೆ.

ಗುಂಡನಮ್ಮ_ಮೈಸೂರು
ಪೌಚ್‌ಗೆ ಪೂರ್ತಿ ಬಂದ ಮೇಲೆ ನಿನ್ನೆ ಬೆಳಗ್ಗೆ 94 ಬಂತು, ಭಯ ಆಗಿ ಚುಚ್ಚದೆ ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಅರ್ಧ ಯೂನಿಟ್‌ಗೆ ಇಳಿಸಿದಾರೆ. ಬಕೆಟ್ ಹತ್ರ ಹೋಗೋದು ನಿಂತಿದೆ, ಇರುವೆನೂ ಇಲ್ಲ. ಹಿಮ್ಮಡಿ ಇನ್ನೂ ಊರ್ತಾನೆ.

ಇನ್ನೊಂದು ಕೇಳ್ಬೇಕಿತ್ತು, ದೀಪಾವಳಿಗೆ ಊರಿಗೆ ಹೋಗ್ಬೇಕು, ಅವನನ್ನ ಬಸ್ಸಲ್ಲಿ ಕರ್ಕೊಂಡು ಹೋಗ್ಲಾ, ಇಲ್ಲೇ ಯಾರನ್ನಾದ್ರೂ ಇಟ್ಟು ಹೋಗ್ಲಾ?

ಕುಡ್ಲದ_ಪುಚ್ಚೆ
ಬಸ್ಸು ಬೇಡ ಅಕ್ಕ, ದಪ್ಪದವ, ಹೆದರಿ ಊಟ ಬಿಟ್ಟರೆ ಎರಡೆರಡು ತಾಪತ್ರಯ. ಅವನ ಜಾಗದಲ್ಲೇ ಇರಲಿ, ಚುಚ್ಚಲಿಕ್ಕೆ ಗೊತ್ತಿರುವವರು ಮನೆಗೆ ಬರಲಿ. ನರ್ಸಿಂಗ್ ಓದುವ ಮಕ್ಕಳು ಪಿಜಿಯಲ್ಲಿ ಇರ್ತಾರಲ್ಲ, ಕೇಳಿ ನೋಡಿ, ಹಬ್ಬಕ್ಕೆ ಮೊದಲು ಎರಡು ದಿನ ನಿಮ್ಮ ಎದುರೇ ಚುಚ್ಚಿಸಿ ನೋಡಿ. ಸಿರಿಂಜ್ ಟೋಪಿಯ ಬಣ್ಣ ಕಾಗದದಲ್ಲಿ ದೊಡ್ಡದಾಗಿ ಬರ್ದು ಫ್ರಿಜ್ಜಿಗೆ ಅಂಟಿಸಿ.

ಧಾರವಾಡದ_ಬೆಕ್ಕಪ್ಪ
ಮಾವನೋರನ್ನ ಬಿಟ್ಟು ಹೋಗ್ರಿ ಅಕ್ಕಾರ, ಅವರಿಗೂ ಹಬ್ಬದ ಹೋಳಿಗಿ ತಪ್ಪಿಸಿದಂಗ ಆಕ್ಕೈತಿ 😄